ತಿಮಿಂಗಿಲ ನೋಡಲು ಬೋಟು ಹತ್ತುವ ಮುಂಚೆ

ಮೊದಲ ಸಲ ತಿಮಿಂಗಿಲ ನೋಡಲು ಹೋದಾಗ ನಾನು ಕಂಡದ್ದು ಮೂರೇ. ಬೋಟಿನ ನೆಲದ ನೀಲಿ ಪೇಂಟು, ಒಂದು ಪ್ಲಾಸ್ಟಿಕ್ ಬಕೆಟ್ಟು, ನಮ್ಮವರ ಚಪ್ಪಲಿ. ಸುತ್ತ ಇದ್ದವರು ಮೂರು ಸಲ "ಹೋ" ಎಂದು ಕೂಗಿದರು. ಮೂರು ಸಲವೂ ನಾನು ಬಕೆಟ್ಟಿನಿಂದ ತಲೆ ಎತ್ತುವಷ್ಟರಲ್ಲಿ ನೀರು ಮುಚ್ಚಿಕೊಂಡಿತ್ತು. ಐದು ಗಂಟೆ ಕಳೆದು ದಡಕ್ಕೆ ಬಂದಾಗ "ಈ ಜನ್ಮಕ್ಕೆ ಸಾಕು ರೀ" ಅಂದಿದ್ದೆ.

ಆಮೇಲೆ ನಾಲ್ಕು ಸಲ ಹೋಗಿದ್ದೇನೆ. ಎರಡು ಸಲ ಶ್ರೀಲಂಕಾದ ಮಿರಿಸ್ಸಾದಿಂದ, ಎರಡು ಸಲ ಹವಾಯಿಯ ಮಾವಿ ದ್ವೀಪದಿಂದ. ಅದರಲ್ಲಿ ಒಂದು ಸಲ ಏನೂ ಕಾಣಲಿಲ್ಲ. ಉಳಿದ ಮೂರನ್ನು ನಿದ್ದೆ ಬಾರದ ರಾತ್ರಿಗಳಲ್ಲಿ ಈಗಲೂ ನೆನೆಸಿಕೊಳ್ಳುತ್ತೇನೆ. ಮೊದಲ ಸಲ ಕೆಟ್ಟದ್ದಕ್ಕೆ ಕಡಲನ್ನು ದೂರಿ ಪ್ರಯೋಜನವಿಲ್ಲ. ಯಾವ ತಿಂಗಳು ಹೋಗಬೇಕು, ಎಂಥ ಬೋಟು ಹತ್ತಬೇಕು, ಎಲ್ಲಿ ಕೂರಬೇಕು, ಯಾವ ಕಡೆ ನೋಡಬೇಕು, ನನಗೆ ಒಂದೂ ಗೊತ್ತಿರಲಿಲ್ಲ. ನಿಮ್ಮ ದುಡ್ಡೂ ಹೊಟ್ಟೆಯೂ ಉಳಿಯಲಿ ಅಂತ ಕಲಿತದ್ದನ್ನೆಲ್ಲ ಬರೆಯುತ್ತಿದ್ದೇನೆ.

ತಿಂಗಳು ನೋಡಿ ಟಿಕೆಟ್ ತೆಗೆಯಿರಿ

ರಜೆ ಸಿಕ್ಕಿತು ಅಂತ ಹೊರಟುಬಿಟ್ಟಿದ್ದೆವು. ಅದೇ ಮೊದಲ ತಪ್ಪು. ಕಡಲು ವರ್ಷವಿಡೀ ಬೆಚ್ಚಗಿರಬಹುದು, ತಿಮಿಂಗಿಲ ವರ್ಷವಿಡೀ ಇರುವುದಿಲ್ಲ.

ಬಿಸಿಲು ನಾಡುಗಳ ಕಡಲಿನಲ್ಲಿ ಪ್ರವಾಸಿ ಬೋಟುಗಳು ಹುಡುಕುವುದು ಹೆಚ್ಚಾಗಿ ಹಂಪ್‌ಬ್ಯಾಕ್ ತಿಮಿಂಗಿಲವನ್ನು. ಉದ್ದ 13ರಿಂದ 16 ಮೀಟರ್, ಅಂದರೆ ಒಂದು ದೊಡ್ಡ ಬಸ್ಸಿಗಿಂತ ಸ್ವಲ್ಪ ಜಾಸ್ತಿ. ಬೇಸಿಗೆಯಿಡೀ ಇವು ಧ್ರುವದ ಕಡೆಯ ತಣ್ಣನೆಯ ನೀರಿನಲ್ಲಿ ಹೊಟ್ಟೆ ತುಂಬ ತಿನ್ನುತ್ತವೆ. ಚಳಿಗಾಲ ಹತ್ತಿರ ಬಂತು ಅಂದರೆ ಸಾವಿರಾರು ಕಿಲೋಮೀಟರ್ ಈಜಿ ಬೆಚ್ಚನೆಯ ನೀರಿಗೆ ಬರುತ್ತವೆ, ಜೋಡಿ ಹುಡುಕಲು, ಮರಿ ಹಾಕಲು. ಅಲಾಸ್ಕಾದಿಂದ ಹವಾಯಿಗೆ ಬರುವ ದಾರಿಯೇ ಸುಮಾರು 4,800 ಕಿಲೋಮೀಟರ್.

ನನಗೆ ಇದು ಹೆರಿಗೆಗೆ ತವರಿಗೆ ಬಂದ ಹಾಗೆ ಕಾಣುತ್ತದೆ. ಆದರೆ ಈ ತವರಿನಲ್ಲಿ ಒಂದು ತುತ್ತು ಹಾಕುವವರಿಲ್ಲ. ಗಾಜಿನಂಥ ಆ ನೀಲಿ ನೀರು ನಮ್ಮ ಕಣ್ಣಿಗೆ ಚಂದ, ತಿಮಿಂಗಿಲಕ್ಕೆ ಅದು ಖಾಲಿ ಅಡುಗೆಮನೆ. ತಿನ್ನುವಂಥದ್ದು ಕಡಿಮೆ ಇರುವುದರಿಂದಲೇ ನೀರು ಅಷ್ಟು ತಿಳಿಯಾಗಿರುವುದು. ತಾಯಿ ತಿಂಗಳುಗಟ್ಟಲೆ ಉಪವಾಸ ಇದ್ದು, ಮೈಯ ಕೊಬ್ಬನ್ನೇ ಕರಗಿಸಿ ಮರಿಗೆ ಹಾಲೂಡಿಸುತ್ತಾಳೆ. ಹುಟ್ಟಿದ ಮರಿಯೇ 4 ಮೀಟರಿಗಿಂತ ಉದ್ದ, ತೂಕ ಒಂದು ಟನ್ನಿನ ಹತ್ತಿರ! ಅದನ್ನು ಬೆಳೆಸಿ, ಮತ್ತೆ ಅಷ್ಟೂ ದಾರಿ ವಾಪಸ್ ಈಜಿದ ಮೇಲೇ ಅವಳಿಗೆ ಸರಿಯಾದ ಊಟ. ಇದೊಂದು ತಲೆಯಲ್ಲಿ ಇದ್ದರೆ ಮುಂದೆ ಹೇಳುವ ನಿಯಮಗಳನ್ನು ಯಾರೂ ವಿವರಿಸಬೇಕಾಗಿಲ್ಲ. ನಾವು ಟಿಕೆಟ್ ಕೊಟ್ಟು ಹೋಗುತ್ತಿರುವುದು ಬಾಣಂತಿಯ ಕೋಣೆಗೆ.

ಹಾಗಾಗಿ ಲೆಕ್ಕ ಸುಲಭ. ಭೂಮಧ್ಯರೇಖೆಯ ಉತ್ತರಕ್ಕಿರುವ ಜಾಗಗಳಲ್ಲಿ ಅಲ್ಲಿನ ಚಳಿಗಾಲ ನೋಡಿ. ಹವಾಯಿಗೆ ಡಿಸೆಂಬರಿನಿಂದ ಏಪ್ರಿಲ್, ಅದರಲ್ಲೂ ಜನವರಿಯಿಂದ ಮಾರ್ಚ್ ಒಳ್ಳೆಯದು. ಡೊಮಿನಿಕನ್ ರಿಪಬ್ಲಿಕ್‌ನ ಸಮಾನಾ ಕೊಲ್ಲಿಗೂ ಜನವರಿಯಿಂದ ಮಾರ್ಚ್. ದಕ್ಷಿಣಕ್ಕೆ ಹೋದರೆ ತಿರುಗುಮುರುಗು. ಟೊಂಗಾದಲ್ಲಿ ಜುಲೈನಿಂದ ಅಕ್ಟೋಬರ್, ಮಡಗಾಸ್ಕರ್ ಪಕ್ಕದ ಸೇಂಟ್ ಮೇರಿ ದ್ವೀಪದಲ್ಲಿ ಜುಲೈನಿಂದ ಸೆಪ್ಟೆಂಬರ್. ಕೋಸ್ಟಾರಿಕಾದ ಉವಿಟಾ ಕರಾವಳಿಗೆ ಮಾತ್ರ ಎರಡೂ ಕಡೆಯವು ಬರುತ್ತವೆ, ವರ್ಷದಲ್ಲಿ ಎರಡು ಸೀಸನ್. ಹವಾಯಿಯಲ್ಲಿ ಆಗಸ್ಟಿನಲ್ಲಿ ಯಾರಾದರೂ "ಹಂಪ್‌ಬ್ಯಾಕ್ ತೋರಿಸುತ್ತೇವೆ" ಎಂದರೆ ನಗಾಡಿ ಮುಂದೆ ಹೋಗಿ.

ಮಿರಿಸ್ಸಾದ ಕಥೆ ಬೇರೆ. ಅಲ್ಲಿ ಜನ ಹೋಗುವುದು ನೀಲಿ ತಿಮಿಂಗಿಲಕ್ಕೆ. ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ಪ್ರಾಣಿ ಇಲ್ಲ. ಅಂಟಾರ್ಕ್ಟಿಕಾದ ಕಡೆಯವು 30 ಮೀಟರಿನ ಹತ್ತಿರ ಬೆಳೆಯುತ್ತವೆ. ಶ್ರೀಲಂಕಾದ ಸುತ್ತ ಇರುವವು ಸ್ವಲ್ಪ ಗಿಡ್ಡ, ಆದರೂ 20 ಮೀಟರ್ ದಾಟಿದವು ಕಾಣುತ್ತವೆ. ಇವು ಉಪವಾಸಕ್ಕೆ ಬಂದವಲ್ಲ, ಊಟಕ್ಕೆ ಬಂದವು. ಅಲ್ಲಿ ದಡದಿಂದ ಸ್ವಲ್ಪ ದೂರದಲ್ಲೇ ಕಡಲು ಸರಕ್ಕನೆ ಆಳವಾಗುತ್ತದೆ, ಸೀಗಡಿಯಂಥ ಸಣ್ಣ ಜೀವಿಗಳು ಸಿಗುತ್ತವೆ. ನೀಲಿ ತಿಮಿಂಗಿಲ ಎಂದರೆ ತಣ್ಣನೆಯ ನೀರಿಗೆ ಊಟಕ್ಕೆ ಹೋಗಿ ಬರುವ ಪ್ರಾಣಿ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಅಲ್ಲಿಯದೇ ವಿಜ್ಞಾನಿ ಆಶಾ ಡಿ ವೋಸ್. ಬೆಚ್ಚನೆಯ ನೀರಿನಲ್ಲೇ ಉಳಿದು ಉಣ್ಣುವ ಇವುಗಳನ್ನು ಅವರು ಸಂಪ್ರದಾಯ ಮುರಿದ ತಿಮಿಂಗಿಲಗಳು ಎಂದು ಕರೆಯುತ್ತಾರೆ. ಮಿರಿಸ್ಸಾಗೆ ನವೆಂಬರ್ ಕೊನೆಯಿಂದ ಏಪ್ರಿಲ್ ಸರಿಯಾದ ಕಾಲ. ಮೇ ಆದಮೇಲೆ ನೈರುತ್ಯ ಮಾನ್ಸೂನ್ ಬಂದು ಕಡಲು ಏಳುತ್ತದೆ. ನಾವು ಮೊದಲ ಸಲ ಹೋದದ್ದು ಹೀಗೆ ಕಡಲು ಏಳುತ್ತಿದ್ದ ಕಾಲದಲ್ಲೇ. ಯಾವ ಊರು ಅಂತ ಹೇಳುವುದಿಲ್ಲ, ತಪ್ಪು ಊರಿನದಲ್ಲ.

ಈ ತಿಮಿಂಗಿಲಗಳು ನಮಗೆ ಕಾಣಲು ಉಳಿದಿವೆ ಅನ್ನುವುದೇ ದೊಡ್ಡದು. ಹಿಂದೂ ಮಹಾಸಾಗರದಲ್ಲಿ ವ್ಯಾಪಾರಕ್ಕಾಗಿ ತಿಮಿಂಗಿಲ ಕೊಲ್ಲಬಾರದು ಎಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ತೀರ್ಮಾನಿಸಿದ್ದು 1979ರಲ್ಲಿ. ಎಲ್ಲ ಕಡಲುಗಳಿಗೂ ಆ ನಿಷೇಧ ಜಾರಿಗೆ ಬಂದದ್ದು 1986ರ ಹೊತ್ತಿಗೆ. ನನ್ನ ತಲೆಮಾರಿನವರು ಶಾಲೆಯಲ್ಲಿದ್ದಾಗ ಇವುಗಳ ಎಣ್ಣೆ ತೆಗೆಯುತ್ತಿದ್ದರು!

ಬೋಟಿನವರಿಗೆ ಕೇಳಬೇಕಾದ ಒಂದು ಪ್ರಶ್ನೆ

ಟಾಯ್ಲೆಟ್ ಇದೆಯಾ, ನೆರಳಿದೆಯಾ, ಎಷ್ಟು ಜನ, ಎಷ್ಟು ಗಂಟೆ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ, ತಿಮಿಂಗಿಲ ಕಾಣದಿದ್ದರೆ ಇನ್ನೊಂದು ಸಲ ಕರೆದುಕೊಂಡು ಹೋಗುತ್ತೀರಾ. ಇವನ್ನೆಲ್ಲ ಹೇಗೂ ಕೇಳುತ್ತೀರಿ, ಕೇಳಿ. ಆದರೆ ಬೋಟು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನನಗೆ ಒಂದೇ ಪ್ರಶ್ನೆ ಸಾಕು: "ತಿಮಿಂಗಿಲ ಸಿಕ್ಕರೆ ಎಷ್ಟು ದೂರದಲ್ಲಿ ನಿಲ್ಲಿಸುತ್ತೀರಿ?"

"ಮುಟ್ಟುವಷ್ಟು ಹತ್ತಿರ ಹೋಗುತ್ತೇವೆ ಮೇಡಂ" ಎಂದರೆ ಫೋನ್ ಇಡಿ. ಆ ನನ್ನ ಮೊದಲ ಬೋಟಿನವರು ಹೀಗೇ ಹೇಳಿದ್ದರು, ನಾವು ಖುಷಿಯಿಂದ ದುಡ್ಡು ಕೊಟ್ಟಿದ್ದೆವು. ಕಡಲಿನಲ್ಲಿ ಆದದ್ದೇನು? ಒಂದು ಬೆನ್ನು ಕಂಡ ಕೂಡಲೇ ಏಳೆಂಟು ಬೋಟುಗಳು ಎಲ್ಲ ದಿಕ್ಕಿನಿಂದ ನುಗ್ಗಿದವು. ತಿಮಿಂಗಿಲ ಮುಳುಗಿತು. ಇಂಜಿನ್ ಜೋರು ಮಾಡಿ ಅದು ಏಳಬಹುದಾದ ಕಡೆಗೆ ಓಡಿದರು. ಎದ್ದಿತು, ಅರ್ಧ ಉಸಿರು ತೆಗೆದು ಮತ್ತೆ ಮುಳುಗಿತು. ಡೀಸೆಲ್ ಹೊಗೆ, ಎಲ್ಲ ಬೋಟುಗಳ ಅಲೆ ಸೇರಿ ಕುಲುಕಾಟ. ನನ್ನ ಹೊಟ್ಟೆ ತೊಳಸಿದ್ದಕ್ಕೆ ಅರ್ಧ ಕಾರಣ ಆ ಓಟವೇ.

ಹವಾಯಿಯಲ್ಲಿ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ, ಅಂದರೆ ಸುಮಾರು 91 ಮೀಟರಿಗಿಂತ ಹತ್ತಿರ ಹೋಗುವುದು ಕಾನೂನಿಗೆ ವಿರುದ್ಧ. ಆಸ್ಟ್ರೇಲಿಯಾದ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ 100 ಮೀಟರ್, ಮರಿ ಜೊತೆಗಿದ್ದರೆ 300. ಬೇರೆ ಕಡೆಗಳಲ್ಲಿ ಅಂಕಿ ಸ್ವಲ್ಪ ಆಚೀಚೆ ಇರಬಹುದು. ಆದರೆ ಒಳ್ಳೆಯ ಬೋಟಿನವರು ಎಲ್ಲಿದ್ದರೂ ಮಾಡುವುದು ಒಂದೇ: ಎದುರಿನಿಂದ ಅಡ್ಡ ಹಾಕುವುದಿಲ್ಲ, ಹಿಂದಿನಿಂದ ಅಟ್ಟಿಸಿಕೊಂಡು ಹೋಗುವುದಿಲ್ಲ, ಪಕ್ಕದಲ್ಲಿ ಅದರ ವೇಗಕ್ಕೇ ನಿಧಾನವಾಗಿ ಸಾಗುತ್ತಾರೆ ಅಥವಾ ಇಂಜಿನ್ ನ್ಯೂಟ್ರಲ್‌ಗೆ ಹಾಕಿ ಸುಮ್ಮನೆ ನಿಲ್ಲುತ್ತಾರೆ. ತಾಯಿ ಮತ್ತು ಮರಿಯ ನಡುವೆ ಅಂತೂ ಹೋಗುವುದೇ ಇಲ್ಲ.

ದೂರ ನಿಂತರೆ ಏನು ಕಾಣುತ್ತದೆ ಅಂತ ಅನ್ನಿಸಬಹುದು. 14 ಮೀಟರ್ ಉದ್ದದ ಪ್ರಾಣಿ 100 ಮೀಟರ್ ದೂರದಲ್ಲಿ ನೀರಿನಿಂದ ಮೇಲಕ್ಕೆ ಹಾರಿ ಬಿದ್ದರೆ, ಆ ಸದ್ದು ನಿಮ್ಮ ಎದೆಗೇ ಬಡಿಯುತ್ತದೆ. ಇನ್ನೊಂದು ಗುಟ್ಟು. ನಾವು ಹತ್ತಿರ ಹೋಗಬಾರದು, ಅದು ಹತ್ತಿರ ಬರಬಹುದು. ಮಾವಿಯಲ್ಲಿ ಎರಡನೇ ಸಲ ನಮಗೆ ಆದದ್ದು ಇದೇ. ಇಂಜಿನ್ ನಿಲ್ಲಿಸಿ ಕಾಯುತ್ತಿದ್ದೆವು. ಎರಡು ಹಂಪ್‌ಬ್ಯಾಕ್ ತಾವಾಗಿ ಬಂದು ಬೋಟಿನ ಅಡಿಯಲ್ಲಿ ಈ ಕಡೆಯಿಂದ ಆ ಕಡೆಗೆ ಸುತ್ತತೊಡಗಿದವು. ಅಲ್ಲಿಯ ಬೋಟಿನವರು ಇದಕ್ಕೆ ತಮಾಷೆಗೆ "ಮಗ್ಗಿಂಗ್" ಅನ್ನುತ್ತಾರೆ, ದಾರಿಗಳ್ಳರು ಅಡ್ಡ ಹಾಕಿದ ಹಾಗೆ. ಅವು ಬಿಟ್ಟು ಹೋಗುವ ತನಕ ಇಂಜಿನ್ ಹಾಕುವ ಹಾಗಿಲ್ಲ. ನಲವತ್ತು ನಿಮಿಷ ಕಡಲಿನ ಮಧ್ಯೆ ಸಿಕ್ಕಿಹಾಕಿಕೊಂಡೆವು. ಒಂದು ತಲೆ ನೆಟ್ಟಗೆ ನೀರಿನಿಂದ ಮೇಲೆದ್ದಾಗ ಬೋಟಿನಲ್ಲಿ ಒಬ್ಬರೂ ಕೂಗಲಿಲ್ಲ. ಅಷ್ಟು ಹೊತ್ತೂ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ.

ಬೋಟಿನ ಗಾತ್ರದ ಬಗ್ಗೆ: ಮೊದಲ ಸಲವಾದರೆ ದೊಡ್ಡದು, ಆದರೆ ಅರ್ಧ ತುಂಬಿದ್ದು. ಎರಡು ಒಡಲಿನ ಕ್ಯಾಟಮರಾನ್ ಸಿಕ್ಕರೆ ಇನ್ನೂ ಒಳ್ಳೆಯದು, ಅಕ್ಕಪಕ್ಕಕ್ಕೆ ತೂಗಾಡುವುದು ಕಡಿಮೆ. ಗಾಳಿ ತುಂಬಿದ ರಬ್ಬರಿನ ಸಣ್ಣ ಬೋಟುಗಳು ನೀರಿಗೆ ಹತ್ತಿರ, ಮಜಾ ಇರುತ್ತದೆ. ಆದರೆ ಪ್ರತಿ ಅಲೆಗೂ ಬೆನ್ನುಮೂಳೆ ಲೆಕ್ಕ ಕೊಡಬೇಕು. ಬೆನ್ನುನೋವಿನವರಿಗೆ, ಗರ್ಭಿಣಿಯರಿಗೆ ಅದು ಬೇಡವೇ ಬೇಡ.

ಬೆಳಗಿನ ಮೊದಲ ಟ್ರಿಪ್ಪನ್ನೇ ತೆಗೆದುಕೊಳ್ಳಿ. ಹೊತ್ತೇರಿ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ಎಳೆಯುತ್ತದೆ, ಅಲೆಗಳು ಏಳುತ್ತವೆ. ಹಿಂದಿನ ರಾತ್ರಿ ಹವಾಮಾನದ ಆ್ಯಪ್‌ನಲ್ಲಿ ಗಾಳಿಯ ವೇಗ ನೋಡಿ. ಗಂಟೆಗೆ 20 ಕಿಲೋಮೀಟರ್ ದಾಟಿದರೆ ಕಡಲಿನ ತುಂಬ ಬಿಳಿ ನೊರೆ. ಆಗ ಹೊಟ್ಟೆಗೂ ಕಷ್ಟ, ಕಣ್ಣಿಗೂ ಕಷ್ಟ, ಯಾಕೆಂದರೆ ಪ್ರತಿ ನೊರೆಯೂ ತಿಮಿಂಗಿಲದ ಉಸಿರಿನ ಹಾಗೇ ಕಾಣುತ್ತದೆ. ದಿನ ಬದಲಿಸಲು ಆದರೆ ಬದಲಿಸಿ. ಪ್ರವಾಸದ ಕೊನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ ಅನ್ನುವುದು ಅದಕ್ಕೇ.

ಹೊಟ್ಟೆಯ ವಿಚಾರ

ಇದರಲ್ಲಿ ನಾನು ಪಂಡಿತೆ. ಬಸ್ಸಿನಲ್ಲಿ, ಕಾರಿನಲ್ಲಿ, ಜಾತ್ರೆಯ ತೊಟ್ಟಿಲಿನಲ್ಲಿ ಎಲ್ಲೆಲ್ಲೂ ವಾಂತಿ ಮಾಡಿದವಳು.

ಕಿವಿಯ ಒಳಗಿನ ಸಮತೋಲದ ಅಂಗ "ಅಲುಗಾಡುತ್ತಿದ್ದೀಯ" ಅನ್ನುತ್ತದೆ. ಕಣ್ಣು ಬೋಟಿನ ನೆಲವನ್ನೋ ಫೋನನ್ನೋ ನೋಡುತ್ತಾ "ಇಲ್ಲ, ಎಲ್ಲ ನಿಂತಿದೆ" ಅನ್ನುತ್ತದೆ. ಈ ಎರಡರ ಜಗಳದಲ್ಲಿ ಬಡವಾಗುವುದು ಹೊಟ್ಟೆ. ಆದ್ದರಿಂದ ಮದ್ದು ಏನೆಂದರೆ ಕಣ್ಣಿಗೂ ಅಲುಗಾಟ ಕಾಣುವ ಹಾಗೆ ಮಾಡುವುದು. ಕಡಲೂ ಬಾನೂ ಸೇರುವ ಗೆರೆಯನ್ನೇ ನೋಡುತ್ತಿರಿ. ಒಳಗಿನ ಕ್ಯಾಬಿನ್‌ಗೆ ಹೋಗಿ ಮಲಗಬೇಡಿ, ಫೋನಿನಲ್ಲಿ ಓದಬೇಡಿ. ಬೋಟಿನ ಮಧ್ಯದಿಂದ ಹಿಂಭಾಗದ ವರೆಗೆ, ಕೆಳಗಿನ ಡೆಕ್ಕಿನಲ್ಲಿ ಅಲುಗಾಟ ಕಡಿಮೆ. ಮೂತಿಯ ಭಾಗ ಮತ್ತು ಮೇಲಿನ ಡೆಕ್ಕು ನೋಡಲು ಚೆನ್ನ, ತೂಗುವುದೂ ಅಲ್ಲೇ ಜಾಸ್ತಿ. ಆದರೆ ತೀರಾ ಹಿಂದೆ ಡೀಸೆಲ್ ಹೊಗೆ ಬಡಿಯುವ ಕಡೆ ಕೂರಬೇಡಿ, ಆ ವಾಸನೆಗೇ ಅರ್ಧ ಜನ ಬೀಳುತ್ತಾರೆ.

ಮಾತ್ರೆ ತೆಗೆದುಕೊಳ್ಳಲು ನಾಚಿಕೆ ಬೇಡ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಮಾತ್ರ ಸೀದಾ ಕಡಲಿಗೆ. ಮೆಕ್ಲಿಜೀನ್, ಡೈಮೆನ್‌ಹೈಡ್ರಿನೇಟ್, ಸಿನಾರಿಜೀನ್ ಈ ಜಾತಿಯ ಮಾತ್ರೆಗಳನ್ನು ಬೋಟು ಹೊರಡುವ ಒಂದೆರಡು ಗಂಟೆ ಮುಂಚೆಯೇ ತೆಗೆದುಕೊಳ್ಳಬೇಕು. ಎಲ್ಲವೂ ಹೆಚ್ಚು ಕಡಿಮೆ ನಿದ್ದೆ ತರಿಸುತ್ತವೆ. ನನಗೆ ಒಂದು ಮಾತ್ರೆಯಲ್ಲಿ ಎಷ್ಟು ನಿದ್ದೆ ಬಂತೆಂದರೆ ಮಿರಿಸ್ಸಾದಲ್ಲಿ ಮೊದಲ ಒಂದು ಗಂಟೆ ನಮ್ಮವರ ಹೆಗಲ ಮೇಲೆ ಕಳೆದೆ. ಆದ್ದರಿಂದ ಪ್ರವಾಸಕ್ಕೆ ಮುಂಚೆ ಮನೆಯಲ್ಲಿ ಒಂದು ದಿನ ನುಂಗಿ ನೋಡಿ. ನಾನು ಡಾಕ್ಟರಲ್ಲ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು, ಬೇರೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಶುಂಠಿ ಕೆಲವರಿಗೆ ಆಗುತ್ತದೆ. ನನಗೆ ಮಾತ್ರೆಯ ಜೊತೆಗೆ ಆಗುತ್ತದೆ, ಒಂಟಿಯಾಗಿ ಆಗುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎಣ್ಣೆ ತಿಂಡಿ ತಿಂದೂ ಹೋಗಬೇಡಿ. ಒಣ ಬ್ರೆಡ್ಡು, ಒಂದೆರಡು ಬಿಸ್ಕತ್ತು ಸಾಕು. ಬಾಳೆಹಣ್ಣೂ ಒಳ್ಳೆಯದೇ, ಆದರೆ ಮೀನು ಹಿಡಿಯುವ ಬೋಟುಗಳಲ್ಲಿ ಬಾಳೆಹಣ್ಣು ಅಪಶಕುನ ಅಂತ ನಂಬುವವರಿದ್ದಾರೆ. ದಡದಲ್ಲೇ ತಿಂದು ಹತ್ತಿದರೆ ಯಾರಿಗೂ ಬೇಜಾರಿಲ್ಲ. ಇಷ್ಟೆಲ್ಲ ಮಾಡಿಯೂ ವಾಂತಿ ಬಂದರೆ ಗಾಳಿಗೆ ಬೆನ್ನು ಹಾಕಿ ಬಗ್ಗಿ. ಯಾಕೆ ಅಂತ ಒಂದು ಸಲ ತಪ್ಪು ಮಾಡಿದರೆ ಗೊತ್ತಾಗುತ್ತದೆ.

ಚೀಲದಲ್ಲಿ ಏನಿರಲಿ

ಜಾಸ್ತಿ ಬೇಡ. ತುಂಬು ತೋಳಿನ ತೆಳು ಅಂಗಿ, ಗದ್ದಕ್ಕೆ ದಾರ ಕಟ್ಟುವ ಟೋಪಿ, ನೀರು, ಒಣಗಿದ ಒಂದು ಟವೆಲ್. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ನೀರಿನಿಂದಲೂ ಚಿಮ್ಮಿ ಗದ್ದದ ಅಡಿ ಸುಡುತ್ತದೆ. ಸನ್‌ಸ್ಕ್ರೀನ್ ಕೊಳ್ಳುವಾಗ ಹಿಂದಿನ ಅಕ್ಷರ ಓದಿ. ಆಕ್ಸಿಬೆನ್‌ಝೋನ್ ಮತ್ತು ಆಕ್ಟಿನಾಕ್ಸೇಟ್ ಇರುವುದನ್ನು ಹವಾಯಿಯಲ್ಲಿ 2021ರಿಂದ ಮಾರುವ ಹಾಗಿಲ್ಲ, ಹವಳಕ್ಕೆ ಹಾನಿ ಅಂತ. ಪೋಲರೈಸ್ಡ್ ಕನ್ನಡಕ ಇದ್ದರೆ ತನ್ನಿ. ನೀರಿನ ಮೇಲಿನ ಹೊಳಪು ಕಡಿಮೆಯಾಗಿ ಅಡಿಯಲ್ಲಿರುವ ಹಸಿರುಬಿಳಿ ನೆರಳು ಕಾಣುತ್ತದೆ. ಹಂಪ್‌ಬ್ಯಾಕ್‌ನ ಉದ್ದನೆಯ ಬಿಳಿ ರೆಕ್ಕೆ ನೀರಿನೊಳಗೆ ಹೀಗೇ ಹೊಳೆಯುವುದು. ಬೈನಾಕ್ಯುಲರ್ ಏಳು ಪಟ್ಟಿನದು ಸಾಕು, ಹೆಚ್ಚಿನ ಪಟ್ಟಿನದು ಅಲುಗಾಡುವ ಬೋಟಿನಲ್ಲಿ ತಲೆಸುತ್ತು ತರುತ್ತದೆ.

ನೋಡುವುದು ಹೇಗೆ

ಬಂದವರಲ್ಲಿ ಅರ್ಧ ಜನ ಕಣ್ಣೆದುರೇ ಇದ್ದದ್ದನ್ನೂ ಕಾಣದೆ ಹೋಗುತ್ತಾರೆ. ಕಾರಣ, ಎಲ್ಲರೂ ಬಾಲ ಹುಡುಕುತ್ತಾರೆ. ಹುಡುಕಬೇಕಾದದ್ದು ಉಸಿರು.

ತಿಮಿಂಗಿಲ ಅನ್ನುವ ಹೆಸರೇ ಮೋಸ. 'ತಿಮಿ' ಎಂದರೆ ದೊಡ್ಡ ಮೀನು, ಅದನ್ನು ನುಂಗುವುದು ತಿಮಿಂಗಿಲ. ಆದರೆ ಇದು ಮೀನಲ್ಲ, ನಮ್ಮ ಹಾಗೆ ಶ್ವಾಸಕೋಶ ಇರುವ ಪ್ರಾಣಿ. ಮೂಗು ತಲೆಯ ಮೇಲಿದೆ. ಮೇಲೆ ಬಂದು ಉಸಿರು ಬಿಟ್ಟಾಗ ಬಿಳಿ ಮಂಜು ಚಿಮ್ಮುತ್ತದೆ. ಅದು ಕಾರಂಜಿಯ ನೀರಲ್ಲ, ಬಿಸಿ ಉಸಿರು ತಣಿದು ಆದ ಹನಿಗಳು, ಜೊತೆಗೆ ಸ್ವಲ್ಪ ಸಿಂಬಳ. ಗಾಳಿ ನಿಮ್ಮ ಕಡೆ ಬೀಸಿದರೆ ವಾಸನೆಯೂ ಬರುತ್ತದೆ. ಕೊಳೆತ ಎಲೆಕೋಸಿನ ಜೊತೆ ಮೀನು ಇಟ್ಟ ಹಾಗೆ. ಮಗಳು ಮೂಗು ಮುಚ್ಚಿಕೊಂಡು "ಅಮ್ಮಾ, ಇದಕ್ಕಾ ಇಷ್ಟು ದೂರ ಬಂದದ್ದು?" ಅಂದಳು.

ಕಡಲನ್ನು ಒಂದೇ ಕಡೆ ದಿಟ್ಟಿಸಬೇಡಿ. ಎಡದಿಂದ ಬಲಕ್ಕೆ ನಿಧಾನವಾಗಿ ಕಣ್ಣು ಹಾಯಿಸಿ, ಮತ್ತೆ ಬಲದಿಂದ ಎಡಕ್ಕೆ. ಹಕ್ಕಿಗಳು ಒಂದೆಡೆ ಗುಂಪಾಗಿ ಎರಗುತ್ತಿದ್ದರೆ ಅಲ್ಲಿ ಏನೋ ಇದೆ. ಯಾವುದಾದರೂ ಕಂಡರೆ ಗೈಡ್‌ಗೆ ಗಡಿಯಾರದ ಲೆಕ್ಕದಲ್ಲಿ ಹೇಳಿ. ಬೋಟಿನ ಮೂತಿ ಹನ್ನೆರಡು ಗಂಟೆ, ಬಲಗಡೆ ಮೂರು, ಹಿಂದೆ ಆರು, ಎಡಗಡೆ ಒಂಬತ್ತು. "ಅಲ್ಲಿ ಅಲ್ಲಿ" ಎಂದು ಕೈ ತೋರಿಸಿದರೆ ನಲವತ್ತು ಜನ ನಲವತ್ತು ಕಡೆ ನೋಡುತ್ತಾರೆ.

ಉಸಿರಿನ ಆಕಾರದಿಂದಲೇ ಯಾವುದೆಂದು ಹೇಳಬಹುದು. ನೀಲಿ ತಿಮಿಂಗಿಲದ್ದು ಕಂಬದ ಹಾಗೆ ನೆಟ್ಟಗೆ, ಒಂಬತ್ತು ಮೀಟರಿನ ವರೆಗೂ ಏರುತ್ತದೆ. ಹಂಪ್‌ಬ್ಯಾಕ್‌ನದು ಗಿಡ್ಡ, ಪೊದೆಯ ಹಾಗೆ ಹರಡಿಕೊಂಡದ್ದು. ಸ್ಪರ್ಮ್ ತಿಮಿಂಗಿಲದ್ದು ಮುಂದಕ್ಕೆ, ಎಡಕ್ಕೆ ವಾಲುತ್ತದೆ, ಯಾಕೆಂದರೆ ಅದರ ಮೂಗಿನ ತೂತು ತಲೆಯ ತುದಿಯಲ್ಲಿ ಎಡಗಡೆಗಿದೆ. ಬೆಚ್ಚನೆಯ ಕಡಲಿನಲ್ಲಿ ವರ್ಷವಿಡೀ ಇರುವ ಬ್ರೂಡಸ್ ಎಂಬ ಇನ್ನೊಂದಿದೆ, ತಲೆಯ ಮೇಲೆ ಮೂರು ಉದ್ದನೆಯ ಏಣು. ಅದು ಬಾಲ ಎತ್ತುವುದು ಅಪರೂಪ, ಕಾದು ಕೂತರೆ ನಿರಾಸೆ.

ಒಂದು ಉಸಿರು ಕಂಡಿತೇ? ಈಗ ಗಡಿಯಾರ ನೋಡಿ. ಇದನ್ನು ನನಗೆ ಕಲಿಸಿದ್ದು ಮಿರಿಸ್ಸಾದ ಬೋಟಿನ ಒಬ್ಬ ಹುಡುಗ, ಬಾಯಲ್ಲಿ ಅಲ್ಲ, ಬೆರಳಲ್ಲಿ ಎಣಿಸಿ. ನೀಲಿ ತಿಮಿಂಗಿಲ ಮೇಲೆ ಬಂದರೆ ಹತ್ತಾರು ಸೆಕೆಂಡಿಗೊಮ್ಮೆ ಹಲವು ಸಲ ಉಸಿರಾಡುತ್ತದೆ. ಆಮೇಲೆ ಬೆನ್ನು ಎತ್ತರಕ್ಕೆ ಬಾಗುತ್ತದೆ. ಬಾಗಿತು ಅಂದರೆ ಬಾಲ ಬರಬಹುದು, ಕ್ಯಾಮೆರಾ ಎತ್ತಬೇಕಾದದ್ದು ಆಗಲೇ. ಬಾಲ ಒಳಗೆ ಹೋಯಿತು ಅಂದರೆ ಸುಮಾರು ಹತ್ತು ನಿಮಿಷ ಬಿಡುವು. ನೀರು ಕುಡಿಯಿರಿ, ಕಡಲಿನ ಗೆರೆ ನೋಡಿ. ಸ್ಪರ್ಮ್ ತಿಮಿಂಗಿಲವಾದರೆ ಮುಕ್ಕಾಲು ಗಂಟೆಯೂ ಆಗಬಹುದು. ಹಂಪ್‌ಬ್ಯಾಕ್ ತಾಯಿ ನೀರಿನೊಳಗೆ ಹದಿನೈದು ನಿಮಿಷ ವಿಶ್ರಾಂತಿ ತೆಗೆದುಕೊಂಡರೂ ಮರಿಗೆ ಅಷ್ಟು ಹೊತ್ತು ಉಸಿರು ಕಟ್ಟಲು ಬರುವುದಿಲ್ಲ. ಅದು ಮೂರರಿಂದ ಐದು ನಿಮಿಷಕ್ಕೆ ಒಮ್ಮೆ ಒಂಟಿಯಾಗಿ ಮೇಲೆ ಬಂದು, ಒಂದು ಸುತ್ತು ಹಾಕಿ, ಮತ್ತೆ ಅಮ್ಮನ ಗದ್ದದ ಅಡಿಗೆ ಇಳಿಯುತ್ತದೆ. ಮರಿ ಕಂಡ ಜಾಗದಲ್ಲಿ ಕಾದರೆ ತಾಯಿ ಬಂದೇ ಬರುತ್ತಾಳೆ.

ಮುಳುಗಿದ ಜಾಗವನ್ನೂ ನೋಡಿ. ಬಾಲ ಬಡಿದಲ್ಲಿ ನೀರಿನ ಮೇಲೆ ನುಣುಪಾದ ದುಂಡು ಗುರುತು ಉಳಿಯುತ್ತದೆ, ಯಾರೋ ಎಣ್ಣೆ ಸುರಿದ ಹಾಗೆ. ಅದಕ್ಕೆ ಹೆಜ್ಜೆ ಗುರುತು ಅನ್ನುತ್ತಾರೆ. ಮೊದಲ ಸಲ ನಾನು ತಲೆ ಎತ್ತಿದಾಗಲೆಲ್ಲ ಕಂಡದ್ದು ಅದೇ ಎಂದು ಮೂರು ವರ್ಷ ಆದಮೇಲೆ ಗೊತ್ತಾಯಿತು.

ಎಲ್ಲರೂ ಎದ್ದು ಒಂದೇ ಬದಿಗೆ ಓಡಿದಾಗ ನೀವು ಓಡಬೇಡಿ. ಬೋಟು ವಾಲುತ್ತದೆ, ಹಸಿ ನೆಲ ಜಾರುತ್ತದೆ. ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ. ಮುಂದಿನ ಸಲ ಅದು ನಿಮ್ಮ ಬದಿಯಲ್ಲೇ ಏಳಬಹುದು, ಆಗ ಜಾಗ ನಿಮ್ಮದೇ.

ಬೋಟಿನಲ್ಲಿ ಹೈಡ್ರೋಫೋನ್, ಅಂದರೆ ನೀರಿನೊಳಗೆ ಇಳಿಸುವ ಮೈಕು ಇದ್ದರೆ ಬಿಡಬೇಡಿ, ಹಾಕಿಸಿ ಕೇಳಿ. ಹಂಪ್‌ಬ್ಯಾಕ್ ಗಂಡುಗಳು ಹಾಡುತ್ತವೆ. ಅದು ಬರೀ ಕೂಗಲ್ಲ, ಸಾಲುಗಳು ಗೊತ್ತಾದ ಕ್ರಮದಲ್ಲಿ ಮತ್ತೆ ಮತ್ತೆ ಬರುವ ಹಾಡು ಎಂದು ರೋಜರ್ ಪೇನ್ ಮತ್ತು ಸ್ಕಾಟ್ ಮ್ಯಾಕ್‌ವೇ 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಒಂದು ಪ್ರದೇಶದ ಗಂಡುಗಳೆಲ್ಲ ಹೆಚ್ಚು ಕಡಿಮೆ ಒಂದೇ ಹಾಡು ಹೇಳುತ್ತವೆ, ವರ್ಷದಿಂದ ವರ್ಷಕ್ಕೆ ಅದು ಬದಲಾಗುತ್ತಾ ಹೋಗುತ್ತದೆ. ಮಾವಿಯಲ್ಲಿ ಸ್ಪೀಕರಿನಿಂದ ಬಂದ ಸದ್ದು ಮೊದಲು ಎಣ್ಣೆ ಕಾಣದ ಬಾಗಿಲು ಕಿರ್ರೆಂದ ಹಾಗಿತ್ತು. ಆಮೇಲೆ ಹಸುವಿನ ಕೊರಗು. ಆಮೇಲೆ ಎರಡೂ ಅಲ್ಲದ್ದು. ಆ ಹೊತ್ತಿನಲ್ಲಿ ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ, ಆದರೂ ಬೋಟಿನ ಅಡಿಯೆಲ್ಲ ತುಂಬಿಕೊಂಡ ಹಾಗಿತ್ತು.

ಫೋಟೋ, ಮಕ್ಕಳು, ನೀರಿಗಿಳಿಯುವುದು

ಫೋನಿಗೆ ಕುತ್ತಿಗೆಗೆ ಹಾಕುವ ದಾರ ಕಟ್ಟಿ. ಕ್ಯಾಮೆರಾ ಇದ್ದರೆ ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಅಥವಾ ಇನ್ನೂ ವೇಗ, ಒಂದೇ ಸಮ ಹಲವು ಚಿತ್ರ ತೆಗೆಯುವ ಮೋಡ್. ಕಡಲಿನಲ್ಲಿ ಲೆನ್ಸ್ ಬದಲಿಸಬೇಡಿ. ಮೊದಲ ಎರಡು ಉಸಿರನ್ನು ಬರಿಗಣ್ಣಿನಲ್ಲಿ ನೋಡಿ, ಮೂರನೆಯದಕ್ಕೆ ಕ್ಯಾಮೆರಾ. ನನ್ನ ಹತ್ತಿರ ನೀಲಿ ಕಡಲಿನ ಚಂದದ ಇನ್ನೂರು ಫೋಟೋಗಳಿವೆ, ಒಂದರಲ್ಲೂ ತಿಮಿಂಗಿಲ ಇಲ್ಲ!

ಸಣ್ಣ ಮಕ್ಕಳಿಗೆ ಎರಡು ಗಂಟೆಯ ಟ್ರಿಪ್ಪು ಮಾತ್ರ. ಮಾವಿಯಲ್ಲಿ ದ್ವೀಪಗಳ ನಡುವಿನ ಆಳ ಕಡಿಮೆಯ ಕಡಲಿನಲ್ಲೇ ಹಂಪ್‌ಬ್ಯಾಕ್ ಸಿಗುವುದರಿಂದ ಅದು ಸಾಧ್ಯ. ಮಿರಿಸ್ಸಾದಲ್ಲಿ ಆಳ ಕಡಲಿಗೆ, ಹಡಗುಗಳ ದಾರಿಯ ಹತ್ತಿರದ ವರೆಗೂ ಹೋಗಬೇಕಾಗುತ್ತದೆ, ನಾಲ್ಕೈದು ಗಂಟೆ. ಮಕ್ಕಳು ಮೂರನೇ ಗಂಟೆಗೆ ಅಳುತ್ತಾರೆ.

ಟೊಂಗಾದಂಥ ಕೆಲವು ಕಡೆ ಲೈಸೆನ್ಸ್ ಇರುವವರ ಜೊತೆ ತಿಮಿಂಗಿಲದ ಹತ್ತಿರ ನೀರಿಗಿಳಿಯಲು ಬಿಡುತ್ತಾರೆ, ಒಂದು ಸಲಕ್ಕೆ ನಾಲ್ಕು ಜನ ಮತ್ತು ಒಬ್ಬ ಗೈಡ್. ಹೋಗಿ ಬಂದವರು ಹೊಗಳುತ್ತಾರೆ. ನನಗೆ ಮನಸ್ಸಿಲ್ಲ. ಬಾಗಿಲಿನಿಂದ ನೋಡಿದರೆ ಸಾಕು, ತೊಟ್ಟಿಲ ತನಕ ಹೋಗುವುದು ಯಾಕೆ?

ನಿಮ್ಮ ಬೋಟಿನವರೇ ಅಟ್ಟಿಸಿಕೊಂಡು ಹೋಗಲು ಶುರು ಮಾಡಿದರೆ ಸುಮ್ಮನಿರಬೇಡಿ. "ಇಲ್ಲೇ ನಿಲ್ಲಿಸಿ, ನಮಗೆ ಇಷ್ಟು ಸಾಕು" ಎಂದು ಹೇಳಿ. ಅವರು ಓಡಿಸುವುದು ನಮ್ಮ ಖುಷಿಗೆ ಅಂದುಕೊಂಡೇ. ಹತ್ತಿರ ಹೋಗಲು ಜಾಸ್ತಿ ದುಡ್ಡಿನ ಆಸೆಯನ್ನಂತೂ ತೋರಿಸಲೇಬೇಡಿ. ತಿಮಿಂಗಿಲ ಪದೇ ಪದೇ ದಿಕ್ಕು ಬದಲಿಸುತ್ತಿದ್ದರೆ, ಉಸಿರು ಪೂರ್ತಿ ತೆಗೆಯದೆ ಮುಳುಗುತ್ತಿದ್ದರೆ, ತಾಯಿ ನಮ್ಮ ಮತ್ತು ಮರಿಯ ನಡುವೆ ಬಂದು ನಿಲ್ಲುತ್ತಿದ್ದರೆ, ನಾವು ಹೊರಡುವ ಹೊತ್ತಾಯಿತು ಎಂದು ಅರ್ಥ.

ಬಂದ ಮೇಲೆ

ಏನೂ ಕಾಣದ ಆ ಒಂದು ದಿನ ಮಿರಿಸ್ಸಾದಲ್ಲಿ ಬಾನಿನಲ್ಲಿ ತಿರುಗುತ್ತಾ ಹಾರುವ ಸ್ಪಿನ್ನರ್ ಡಾಲ್ಫಿನ್‌ಗಳು ನೂರಾರು ಸಿಕ್ಕವು, ಹಾರುವ ಮೀನುಗಳು ಸಿಕ್ಕವು. ಪಕ್ಕದವರು ದುಡ್ಡು ವಾಪಸ್ ಕೊಡಿ ಅಂತ ಜಗಳಕ್ಕೆ ನಿಂತಿದ್ದರು. ಕಾಡಿನ ಪ್ರಾಣಿಗೆ ಬರಲೇಬೇಕೆಂದು ಟೈಂ ಟೇಬಲ್ ಹಾಕಿಕೊಟ್ಟವರಿಲ್ಲವಲ್ಲ.

ದಡಕ್ಕೆ ಇಳಿದ ಮೇಲೆ ನೆಲವೇ ತೂಗುತ್ತದೆ, ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ. ನಿದ್ದೆ ತರಿಸುವ ಮಾತ್ರೆ ನುಂಗಿದ್ದರೆ ಗಾಡಿ ಓಡಿಸಬೇಡಿ. ಫೋನ್, ಕ್ಯಾಮೆರಾ, ಕನ್ನಡಕ ಎಲ್ಲವನ್ನೂ ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಉಪ್ಪು ಕೂತರೆ ಹೋಗುವುದಿಲ್ಲ.

ಹಂಪ್‌ಬ್ಯಾಕ್ ಬಾಲದ ಅಡಿಭಾಗ ಫೋಟೋದಲ್ಲಿ ಸಿಕ್ಕಿದ್ದರೆ ಅಳಿಸಬೇಡಿ. ಅಲ್ಲಿನ ಕಪ್ಪುಬಿಳಿ ಮಚ್ಚೆ ನಮ್ಮ ಬೆರಳಚ್ಚಿನ ಹಾಗೆ, ಒಂದಕ್ಕಿದ್ದದ್ದು ಇನ್ನೊಂದಕ್ಕಿಲ್ಲ. ಹ್ಯಾಪಿವೇಲ್ ಎಂಬ ವೆಬ್‌ಸೈಟಿಗೆ ಆ ಚಿತ್ರ, ತೆಗೆದ ದಿನ, ಜಾಗ ಹಾಕಿದರೆ ಅವರು ತಮ್ಮಲ್ಲಿರುವ ಬಾಲಗಳ ಜೊತೆ ಹೋಲಿಸಿ ನೋಡುತ್ತಾರೆ. ಮುಂದೆ ಯಾರಾದರೂ ಅದೇ ತಿಮಿಂಗಿಲವನ್ನು ಕಂಡರೆ ನಿಮಗೆ ಮೇಲ್ ಬರುತ್ತದೆ. ಮಾವಿಯಲ್ಲಿ ಫೆಬ್ರವರಿಯಲ್ಲಿ ಮರಿ ಜೊತೆ ಇದ್ದ ಒಂದು ತಾಯಿಯ ಬಾಲ, ನಾನು ತೆಗೆದದ್ದರಲ್ಲಿ ಸರಿಯಾಗಿ ಬಂದ ಒಂದೇ ಒಂದು, ಹಾಕಿ ಮರೆತುಬಿಟ್ಟಿದ್ದೆ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮೇಲ್ ಬಂದಿತ್ತು. ಅವಳು ಅಲಾಸ್ಕಾದಲ್ಲಿ ಕಂಡಿದ್ದಾಳೆ.

"ಅಂತೂ ಊಟಕ್ಕೆ ಕೂತಳು ರೀ" ಎಂದು ನಮ್ಮವರನ್ನು ಎಬ್ಬಿಸಿ ಹೇಳಿದೆ. ಯಾರು, ಯಾವಾಗ ಅಂತ ಅವರಿಗೆ ಅರ್ಥವಾಗಲು ಐದು ನಿಮಿಷ ಬೇಕಾಯಿತು.